ಆಫ್‌ರೋಡ್ ಗಾಡಿಯ ಸ್ಟೀರಿಂಗ್: ದಪ್ಪ ರಾಡ್ ಹಾಕಿದರಷ್ಟೇ ಸಾಲದು

ಮುಂದುಗಡೆ ಎಡದಿಂದ ಬಲಕ್ಕೆ ಒಂದೇ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಸ್ಟೀರಿಂಗ್ ಬಾಕ್ಸ್ (ವೀಲಿನ ತಿರುವನ್ನು ರಾಡ್‌ಗಳಿಗೆ ದಾಟಿಸುವ ಗೇರುಗಳ ಪೆಟ್ಟಿಗೆ) ಚಾಸಿಯ ಮೇಲೆ ಅಲುಗಾಡದೆ ಕೂತಿರುತ್ತದೆ. ಚಕ್ರಗಳು ಆಕ್ಸಲ್ ಜೊತೆ ಏರಿಳಿಯುತ್ತಿರುತ್ತವೆ. ಬಾಕ್ಸಿನಿಂದ ಹೊರಚಾಚಿ ತಿರುಗುವ ತೋಳಾದ ಪಿಟ್‌ಮನ್ ಆರ್ಮ್‌ನಿಂದ, ಚಕ್ರವನ್ನು ಹೊತ್ತು ತಿರುಗುವ ತುಂಡಾದ ನಕಲ್‌ಗೆ (knuckle) ಹೋಗುವ ಸರಳು ಡ್ರ್ಯಾಗ್ ಲಿಂಕ್. ಎರಡು ಚಕ್ರಗಳನ್ನು ಒಂದಕ್ಕೊಂದು ಕಟ್ಟುವುದು ಟೈ ರಾಡ್. ಕಲ್ಲಿಗೆ ಬಡಿದು ಬಾಗುವುದು ಹೆಚ್ಚಾಗಿ ಟೈ ರಾಡ್, ಹಾಗಾಗಿ ಮೊದಲು ಬದಲಾಗುವುದೂ ಅದೇ.

ಇಲ್ಲಿ ತೂಕ ಹೆಚ್ಚಿಸದೆಯೇ ಗಟ್ಟಿತನ ಪಡೆಯಬಹುದು. 25 ಮಿ.ಮೀ. ದಪ್ಪದ ಘನ ಸರಳನ್ನೂ, 32 ಮಿ.ಮೀ. ಹೊರವ್ಯಾಸ ಮತ್ತು 6 ಮಿ.ಮೀ. ಗೋಡೆಯ ಉಕ್ಕಿನ ಕೊಳವೆಯನ್ನೂ ತೂಗಿದರೆ ಹೆಚ್ಚುಕಮ್ಮಿ ಸಮ. ಆದರೆ ಕೊಳವೆ ಬಾಗಲು ಒಡ್ಡುವ ಪ್ರತಿರೋಧ ಎರಡೂಕಾಲು ಪಟ್ಟು. ನಟ್ಟನಡುವಿನ ಲೋಹ ಬಾಗುವಿಕೆಯನ್ನು ತಡೆಯುವುದು ತೀರಾ ಕಡಿಮೆ; ಆ ಕೆಲಸವೆಲ್ಲ ಅಂಚಿನದು. ಬೆಸುಗೆಯ ಗೆರೆಯಿಲ್ಲದ ಕೊಳವೆ ಆರಿಸಿ. ಒಂದು ತುದಿಗೆ ಬಲಗೈ ಥ್ರೆಡ್, ಇನ್ನೊಂದಕ್ಕೆ ಎಡಗೈ ಥ್ರೆಡ್ ಇರಲಿ. ಆಗ ರಾಡನ್ನು ಬಿಚ್ಚದೆ, ತಿರುಗಿಸಿಯೇ ಉದ್ದ ಬದಲಿಸಬಹುದು. ಸ್ಟೀರಿಂಗ್ ಭಾಗಗಳಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡುವುದು ಬೇಡವೇ ಬೇಡ.

ಸಸ್ಪೆನ್ಷನ್ ಎತ್ತರಿಸಿದ ಗಾಡಿಯ ನಿಜವಾದ ತೊಂದರೆ ಇರುವುದು ಡ್ರ್ಯಾಗ್ ಲಿಂಕಿನ ಓರೆಯಲ್ಲಿ. 1000 ಮಿ.ಮೀ. ಉದ್ದದ ಲಿಂಕ್ ಮಟ್ಟವಾಗಿದ್ದಾಗ ಅದರ ಚಕ್ರದ ತುದಿ 50 ಮಿ.ಮೀ. ಮೇಲೇರಿದರೆ ಪಕ್ಕಕ್ಕೆ ಸರಿಯುವುದು ಒಂದೂಕಾಲು ಮಿ.ಮೀ. ಮಾತ್ರ. ಅದೇ ಲಿಂಕಿನ ಚಕ್ರದ ತುದಿ ಮೊದಲೇ ಇನ್ನೊಂದು ತುದಿಗಿಂತ 250 ಮಿ.ಮೀ. ಕೆಳಗಿದ್ದರೆ, ಅಷ್ಟೇ ಏರಿಕೆಗೆ ಪಕ್ಕಕ್ಕೆ 11 ಮಿ.ಮೀ.ಗೂ ಹೆಚ್ಚು ಸರಿಯುತ್ತದೆ. ಸ್ಟೀರಿಂಗ್ ಮುಟ್ಟದಿದ್ದರೂ ಹಳ್ಳ ಸಿಕ್ಕಾಗಲೆಲ್ಲ ಗಾಡಿ ತಾನಾಗಿ ತಿರುಗುವುದು ಇದರಿಂದಲೇ. ಇದಕ್ಕೆ ಬಂಪ್ ಸ್ಟಿಯರ್ ಎನ್ನುತ್ತಾರೆ.

ಕಾಯಿಲ್ ಸ್ಪ್ರಿಂಗ್ ಗಾಡಿಯಲ್ಲಿ ಆಕ್ಸಲನ್ನು ಅಡ್ಡಲಾಗಿ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್ ಕೂಡ ಇಂಥದ್ದೇ ಕಮಾನಿನಲ್ಲಿ ಚಲಿಸುತ್ತದೆ. ಅದು ಮತ್ತು ಡ್ರ್ಯಾಗ್ ಲಿಂಕ್ ಸಮಾನಾಂತರವಾಗಿ, ಸರಿಸುಮಾರು ಒಂದೇ ಉದ್ದವಾಗಿ ಇದ್ದರೆ ಎರಡೂ ಒಂದೇ ದಿಕ್ಕಿಗೆ ಅಷ್ಟಷ್ಟೇ ಸರಿದು ದೋಷ ವಜಾ ಆಗುತ್ತದೆ. ಪಿಟ್‌ಮನ್ ಆರ್ಮನ್ನು ಮಾತ್ರ ಕೆಳಕ್ಕೆ ಬಾಗಿದ ಮಾದರಿಗೆ ಬದಲಿಸಿ, ಪ್ಯಾನ್‌ಹಾರ್ಡನ್ನು ಹಾಗೆಯೇ ಬಿಡುವವರು ಈ ಹೊಂದಾಣಿಕೆಯನ್ನೇ ಕೆಡಿಸುತ್ತಾರೆ. ಜೊತೆಗೆ ಆರ್ಮ್ ಕೆಳಗಿಳಿದಷ್ಟೂ ಬಾಕ್ಸಿನ ಶಾಫ್ಟನ್ನು ಬಾಗಿಸುವ ಬಲ ಏರುತ್ತದೆ. ಬಾಕ್ಸ್ ಕೂತ ಜಾಗದಲ್ಲಿ ಚಾಸಿ ಬಿರುಕು ಬಿಡಲೂಬಹುದು. ನಕಲ್ ಮೇಲುಗಡೆ ಆರ್ಮ್ ಕೂರಿಸಿ ಲಿಂಕನ್ನು ಮಟ್ಟಕ್ಕೆ ತರುವುದು, ಅದಕ್ಕೆ ತಕ್ಕಂತೆ ಪ್ಯಾನ್‌ಹಾರ್ಡಿನ ಆಕ್ಸಲ್ ತುದಿಯನ್ನೂ ಎತ್ತರಿಸುವುದು ಖರ್ಚಿನ ದಾರಿ, ಆದರೆ ಸರಿಯಾದ ದಾರಿ.

ಕೆಲಸಕ್ಕೆ ಮುನ್ನ ಹಳೆಯ ಸಡಿಲತೆ ಹುಡುಕಿ. ಚಕ್ರಗಳು ನೆಲದ ಮೇಲಿರಲಿ, ಎಂಜಿನ್ ಚಾಲೂ ಇರಲಿ. ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಅಲುಗಿಸುತ್ತಿರುವಾಗ ಇನ್ನೊಬ್ಬರು ಒಂದೊಂದೇ ಕೀಲನ್ನು ನೋಡಬೇಕು. ಪ್ಯಾನ್‌ಹಾರ್ಡಿನ ತುದಿಯ ಬುಷ್ ಸವೆದಿದ್ದರೆ ವೇಗದಲ್ಲಿ ಮುಂಚಕ್ರಗಳು ಹುಚ್ಚೆದ್ದು ನಡುಗುತ್ತವೆ. ನಡುಕ ಹೀರುವ ಹೊಸ ಡ್ಯಾಂಪರ್ ಹಾಕಿದರೆ ರೋಗ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ.

ಬಿಚ್ಚುವಾಗ ಆಕ್ಸಲನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಬೇಡಿ. ಟೈ ರಾಡ್ ಎಂಡ್ (ರಾಡಿನ ತುದಿಯ ಕೀಲು) ಬಿಡಿಸಲು ಪುಲ್ಲರ್ ಇಲ್ಲದಿದ್ದರೆ, ನಟ್ಟನ್ನು ನಾಲ್ಕು ಸುತ್ತು ಸಡಿಲಿಸಿ ನಕಲ್‌ನಲ್ಲಿ ಆ ಕೀಲು ಕೂರುವ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಹೊಡೆಯಿರಿ. ಪೆಟ್ಟು ಥ್ರೆಡ್ ಮೇಲೆ ಬೀಳಬಾರದು. ಜೋಡಿಸುವಾಗ ಟೇಪರ್, ಅಂದರೆ ಕೀಲಿನ ಚೂಪಾಗುತ್ತ ಹೋಗುವ ಭಾಗ, ಒಣಗಿ, ಶುಚಿಯಾಗಿರಲಿ. ಟಾರ್ಕ್ ತಯಾರಕರ ಮ್ಯಾನುಯಲ್‌ನಂತೆ. ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ಇನ್ನಷ್ಟು ಬಿಗಿಸಿ ಹೊಂದಿಸಿ, ಹಿಂದಕ್ಕೆ ಸಡಿಲಿಸಬೇಡಿ.

ಆಮೇಲೆ ಟೋ-ಇನ್, ಅಂದರೆ ಮುಂಚಕ್ರಗಳು ಮುಂಬದಿಯಲ್ಲಿ ತುಸು ಒಳಕ್ಕೆ ತಿರುಗಿರುವುದು. ಎರಡು ಟೈರುಗಳ ಮುಂಬದಿಯಲ್ಲಿ, ಹಬ್ ಎತ್ತರಕ್ಕೆ, ಗುರುತು ಹಾಕಿ ಅಂತರ ಅಳೆಯಿರಿ. ಅದೇ ಗುರುತುಗಳು ಹಿಂಬದಿಗೆ ಬರುವಂತೆ ಗಾಡಿಯನ್ನು ಚಕ್ರದ ಅರ್ಧ ಸುತ್ತಿನಷ್ಟು ಮುಂದೆ ತಳ್ಳಿ ಮತ್ತೆ ಅಳೆಯಿರಿ. ಟೈರಿನ ಓರೆಕೋರೆ ಲೆಕ್ಕದಿಂದ ಹೊರಬೀಳುತ್ತದೆ. ಮುಂಬದಿಯ ಅಳತೆ 2ರಿಂದ 3 ಮಿ.ಮೀ. ಕಡಿಮೆ ಬಂದರೆ ಬಹುತೇಕ ಗಾಡಿಗಳಿಗೆ ಸರಿ. ಸ್ಟೀರಿಂಗ್ ವೀಲ್ ನೇರವಾಗಿಸಲು ಡ್ರ್ಯಾಗ್ ಲಿಂಕ್ ತಿರುಗಿಸುವುದು ಇದಾದ ನಂತರವೇ. ಬಾಕ್ಸಿನ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿಸಿ ಸಡಿಲತೆ ಕಳೆಯುವ ಆಸೆ ಬೇಡ. ಅತಿಯಾದರೆ ವೀಲ್ ತಾನಾಗಿ ನಡುವಿಗೆ ಮರಳುವುದಿಲ್ಲ.

ಕೊನೆಗೆ ಮುಂಚಕ್ರ ಎತ್ತಿ ಒಮ್ಮೆ, ಸ್ಪ್ರಿಂಗ್ ಒತ್ತಿದ ಸ್ಥಿತಿಯಲ್ಲಿ ಇನ್ನೊಮ್ಮೆ, ಈ ಕೊನೆಯಿಂದ ಆ ಕೊನೆಗೆ ಸ್ಟೀರಿಂಗ್ ತಿರುಗಿಸಿ ನೋಡಿ. ರಾಡ್ ಡಿಫರೆನ್ಷಿಯಲ್ ಮುಚ್ಚಳಕ್ಕಾಗಲಿ ಬ್ರೇಕ್ ಹೋಸಿಗಾಗಲಿ ತಾಗಬಾರದು. ನಕಲ್‌ನ ಸ್ಟಾಪ್ ಬೋಲ್ಟ್ ಮೊದಲು ತಾಗಬೇಕು. ಬಾಕ್ಸ್ ತನ್ನ ಒಳಗಿನ ಕೊನೆ ಮುಟ್ಟಿ ನಿಲ್ಲುತ್ತಿದ್ದರೆ ಚಕ್ರಕ್ಕೆ ಬೀಳುವ ಪ್ರತಿ ಪೆಟ್ಟೂ ಅದರ ಗೇರುಗಳಿಗೇ ಹೋಗುತ್ತದೆ.