ಗಡಿಯಾಚೆ ಹಾರಿದ ಗುಂಡಿಗೆ ಯಾರು ಹೊಣೆ?

ಯುದ್ಧಕ್ಕೆಂದೇ ಜಿನೀವಾ ಒಪ್ಪಂದಗಳಿರುವಾಗ ಮಾನವ ಹಕ್ಕುಗಳ ಕಾನೂನನ್ನು ರಣರಂಗಕ್ಕೆ ಎಳೆದು ತರುವುದೇಕೆ ಎಂದು ಕಿರಿಯ ವಕೀಲರು ಕೇಳುವುದುಂಟು. ಜಿನೀವಾ ಒಪ್ಪಂದ ಮುರಿದರೆ ಸತ್ತವನ ತಂದೆ ನೇರವಾಗಿ ಅರ್ಜಿ ಹಾಕಲು ಆ ಒಪ್ಪಂದದಡಿ ಯಾವ ನ್ಯಾಯಾಲಯವೂ ಇಲ್ಲ. ಮಾನವ ಹಕ್ಕುಗಳ ಯುರೋಪಿಯನ್ ಒಡಂಬಡಿಕೆಯಡಿ ಅಂಥದ್ದೊಂದಿದೆ, ಸ್ಟ್ರಾಸ್‌ಬರ್ಗ್‌ನಲ್ಲಿರುವ ನ್ಯಾಯಾಲಯ. ಆದರೆ ಆ ಒಡಂಬಡಿಕೆಯ 1ನೇ ವಿಧಿಯಂತೆ ಸರ್ಕಾರ ಉತ್ತರ ಹೇಳಬೇಕಾದದ್ದು ತನ್ನ ಅಧಿಕಾರ ವ್ಯಾಪ್ತಿಯಲ್ಲಿರುವವರಿಗೆ, ಅಂದರೆ ತನ್ನ ಹಿಡಿತಕ್ಕೆ ಒಳಪಟ್ಟವರಿಗೆ ಮಾತ್ರ, ಮತ್ತು ಇಂಥ ಮೊಕದ್ದಮೆಗಳು ಬಹುಪಾಲು ಆ ಪ್ರಶ್ನೆಯ ಮೇಲೆಯೇ ಗೆಲ್ಲುತ್ತವೆ ಅಥವಾ ಬೀಳುತ್ತವೆ.

1999ರ ಏಪ್ರಿಲ್ 23ರಂದು ನೇಟೊ ವಿಮಾನಗಳು ಬೆಲ್‌ಗ್ರೇಡ್‌ನ ಟಿವಿ ಕೇಂದ್ರದ ಮೇಲೆ ನಡೆಸಿದ ದಾಳಿಯಲ್ಲಿ 16 ಮಂದಿ ಸತ್ತರು. ಮೇಲಿನಿಂದ ಬಾಂಬು ಹಾಕಿದ ಮಾತ್ರಕ್ಕೆ ಕೆಳಗಿದ್ದವರು ದಾಳಿ ಮಾಡಿದ ದೇಶಗಳ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ ಎಂದ ನ್ಯಾಯಾಲಯ, 2001ರಲ್ಲಿ ಈ ದಾಳಿಯ ಬಗ್ಗೆ ಬಂದ ಅರ್ಜಿಯನ್ನು ವಿಚಾರಣೆಗೇ ಅಂಗೀಕರಿಸಲಿಲ್ಲ.

ಇರಾಕ್‌ನ ಬಾಸ್ರಾದ ಪ್ರಕರಣದಲ್ಲಿ ಈ ತರ್ಕದ ಬಿರುಕು ಎದ್ದು ಕಂಡಿತು. ಹೋಟೆಲ್ ಸ್ವಾಗತಕಾರನಾಗಿದ್ದ ಬಹಾ ಮೂಸಾ 2003ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸೈನಿಕರ ವಶದಲ್ಲಿ ಸತ್ತಾಗ ಅವನ ಮೈಮೇಲೆ 93 ಗಾಯಗಳಿದ್ದವು. ಅವನು ತನ್ನ ವ್ಯಾಪ್ತಿಯಲ್ಲಿದ್ದನೆಂದು ಬ್ರಿಟನ್ ಒಪ್ಪಿಕೊಂಡಿತು. ಅದೇ ಪ್ರದೇಶದಲ್ಲಿ ಸತ್ತ, ಗಸ್ತಿನ ಗುಂಡಿಗೆ ಬಲಿಯಾದವರೂ ಸೇರಿದಂತೆ ಉಳಿದ ಐವರ ವಿಷಯದಲ್ಲಿ ಒಪ್ಪಲಿಲ್ಲ. ಹಿಡಿದು ಕೊಂದರೆ ಹೊಣೆ, ದೂರದಿಂದ ಹೊಡೆದರೆ ಇಲ್ಲ ಎಂಬ ಈ ವಾದವನ್ನು ಎಷ್ಟು ಓದಿದರೂ ನನಗೆ ಒಪ್ಪಿಗೆಯಾಗಿಲ್ಲ. ದಕ್ಷಿಣ ಇರಾಕ್‌ನಲ್ಲಿ ಆಡಳಿತವನ್ನೇ ಕೈಗೆತ್ತಿಕೊಂಡಿದ್ದ ಬ್ರಿಟನ್ ಆರೂ ಜನರ ವಿಷಯದಲ್ಲಿ ಉತ್ತರ ಹೇಳಬೇಕೆಂದು 2011ರಲ್ಲಿ ಸ್ಟ್ರಾಸ್‌ಬರ್ಗ್ ತೀರ್ಪಿತ್ತಿತು.

ಹತ್ತು ವರ್ಷದೊಳಗೆ ಮತ್ತೆ ಹಿಂದಡಿ. 2008ರ ಆಗಸ್ಟ್‌ನಲ್ಲಿ ಐದು ದಿನ ನಡೆದ ರಷ್ಯಾ–ಜಾರ್ಜಿಯಾ ಕಾಳಗದ ಹೊತ್ತಿನಲ್ಲಿದ್ದದ್ದು ಬರೀ ಗೊಂದಲ, ಅಲ್ಲಿ ಯಾರ ಹಿಡಿತವೂ ಇರಲಿಲ್ಲ ಎಂದು 2021ರ ಜನವರಿಯಲ್ಲಿ ನ್ಯಾಯಾಲಯ 11–6 ಮತಗಳಿಂದ ಹೇಳಿತು. ಆದರೂ ದಕ್ಷಿಣ ಒಸೆಟಿಯಾದ ಸ್ಖಿನ್‌ವಾಲಿಯ ನೆಲಮಾಳಿಗೆಯೊಂದರಲ್ಲಿ ಕೂಡಿಹಾಕಿದ್ದ ಸುಮಾರು 160 ನಾಗರಿಕರ ವಿಷಯದಲ್ಲಿ, ಮತ್ತು ಕಾಳಗ ನಿಂತ ಮೇಲೆ ನಡೆದ ಕೃತ್ಯಗಳಿಗೆ, ರಷ್ಯಾ ಹೊಣೆಯಾಯಿತು. ಅದೇ ತೀರ್ಪು ಸಾವುಗಳನ್ನು ತನಿಖೆ ಮಾಡುವ ಕರ್ತವ್ಯವನ್ನು ಬೇರೆಯಾಗಿಟ್ಟು ಉಳಿಸಿಕೊಂಡದ್ದು ವೃತ್ತಿಯಲ್ಲಿರುವ ನಮಗೆ ದೊಡ್ಡ ಆಸರೆ. ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ 2009ರಲ್ಲಿ ಜರ್ಮನ್ ಅಧಿಕಾರಿಯ ಆದೇಶದಂತೆ ಇಂಧನ ಟ್ಯಾಂಕರ್‌ಗಳ ಮೇಲೆ ನಡೆದ ವಾಯುದಾಳಿಯಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡ ತಂದೆಯ ಅರ್ಜಿ ವಿಚಾರಣೆಗೆ ಬಂದದ್ದು ತನಿಖೆಯ ಪ್ರಶ್ನೆಯ ಮೇಲೆಯೇ. ಜರ್ಮನಿ ನಡೆಸಿದ ತನಿಖೆ ಸಾಕಷ್ಟಾಗಿತ್ತು ಎಂದು ಅವರು ಸೋತರು, ಆದರೆ ಅದಕ್ಕಾಗಿ ಜರ್ಮನಿ ತನ್ನ ತನಿಖೆಯನ್ನು ನ್ಯಾಯಾಲಯದ ಮುಂದೆ ಸಮರ್ಥಿಸಿಕೊಳ್ಳಬೇಕಾಯಿತು.

2025ರ ಜುಲೈ 9ರಂದು ಉಕ್ರೇನ್ ಮತ್ತು ನೆದರ್ಲೆಂಡ್ಸ್ ರಷ್ಯಾದ ವಿರುದ್ಧ ಹೂಡಿದ್ದ ಮೊಕದ್ದಮೆಯ ತೀರ್ಪಿನಲ್ಲಿ ಗೊಂದಲದ ವಾದ ಸೊರಗಿತು. ವರ್ಷಗಟ್ಟಲೆ ಯೋಜಿಸಿ ನಡೆಸಿದ ಆಕ್ರಮಣವನ್ನು ಗೊಂದಲವೆನ್ನಲಾಗದು ಎಂದ ನ್ಯಾಯಾಲಯ, 298 ಜನರನ್ನು ಹೊತ್ತ ಮಲೇಷ್ಯಾದ ಎಂಎಚ್17 ಪ್ರಯಾಣಿಕ ವಿಮಾನವನ್ನು 2014ರಲ್ಲಿ ಉಕ್ರೇನ್ ಮೇಲೆ ಹೊಡೆದುರುಳಿಸಿದ್ದಕ್ಕೂ ರಷ್ಯಾವನ್ನೇ ಹೊಣೆಯಾಗಿಸಿತು. ಆದರೆ ಈ ತೀರ್ಪು ನಿಂತಿರುವುದು ದಾಳಿಯ ಅಗಾಧತೆ ಮತ್ತು ಪೂರ್ವಯೋಜನೆಯ ಮೇಲೆ; ಪರದೇಶದ ಹಳ್ಳಿಯೊಂದರ ಮೇಲೆ ಒಂದೇ ಒಂದು ಡ್ರೋನ್ ಕಳಿಸಿ ಸುಮ್ಮನಾದ ಸರ್ಕಾರದ ವಕೀಲರು ಬೆಲ್‌ಗ್ರೇಡ್ ತೀರ್ಪನ್ನು ಇಂದಿಗೂ ಧೈರ್ಯವಾಗಿ ಉಲ್ಲೇಖಿಸಬಹುದು.