ನಗರ ಚೇತರಿಸಿಕೊಂಡಿತೆಂದು ಯಾವ ಅಂಕಿ ಹೇಳಬೇಕು?

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂತು. ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಜಿಡಿಪಿ ಶೇ 23.9ರಷ್ಟು ಕುಸಿದಿದೆ ಎಂಬ ಮೊದಲ ಅಧಿಕೃತ ಅಂದಾಜು ಹೊರಬಿದ್ದದ್ದು ಆಗಸ್ಟ್ 31ರಂದು. ಅದಾದರೂ ಇಡೀ ದೇಶದ ಲೆಕ್ಕ. ಜಿಲ್ಲಾವಾರು ಅಂದಾಜು ವರ್ಷಕ್ಕೊಂದು ಮಾತ್ರ, ಅದೂ ಬಹಳ ತಡವಾಗಿ ಬರುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಗಳಲ್ಲಿ ಯಂತ್ರಗಳು ಮತ್ತೆ ತಿರುಗತೊಡಗಿವೆಯೇ, ದುರ್ಗದಬೈಲಿನ ಅಂಗಡಿಗಳಿಗೆ ಗಿರಾಕಿಗಳು ಮರಳಿದ್ದಾರೆಯೇ ಎಂಬುದನ್ನು ಆಯಾ ವಾರವೇ ತಿಳಿಯಬೇಕಾದವರಿಗೆ ಇಂಥ ಅಂಕಿಗಳು ನೆರವಾಗುವುದಿಲ್ಲ. ಆದ್ದರಿಂದಲೇ ಅರ್ಥಶಾಸ್ತ್ರಜ್ಞರು ದಿನವಹಿ, ವಾರವಹಿ ಸಿಗುವ ಅಂಕಿಗಳ ಕಡೆಗೆ ಹೊರಳಿದರು: ವಿದ್ಯುತ್ ಬಳಕೆ, ಸರಕು ಸಾಗಣೆಯ ಇ-ವೇ ಬಿಲ್, ಯುಪಿಐ ಪಾವತಿ, ಬಸ್ ಟಿಕೆಟ್, ಎಪಿಎಂಸಿ ಆವಕ, ಮೊಬೈಲ್ ಫೋನುಗಳ ಓಡಾಟ. ಇವುಗಳಲ್ಲಿ ಹೆಚ್ಚಿನವು ಆರ್ಥಿಕತೆಯನ್ನು ಅಳೆಯಲೆಂದು ಹುಟ್ಟಿದವಲ್ಲ. ಬಿಲ್ ವಸೂಲಿಗೋ ತೆರಿಗೆ ತಪಾಸಣೆಗೋ ಬರೆದಿಟ್ಟ ಲೆಕ್ಕದಿಂದ ನಗರದ ಸ್ಥಿತಿಯನ್ನು ಊಹಿಸಬೇಕಾದರೆ, ಆ ಲೆಕ್ಕ ಯಾರನ್ನು ಕಾಣುತ್ತದೆ, ಯಾರನ್ನು ಕಾಣುವುದಿಲ್ಲ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಯುಪಿಐಯನ್ನೇ ನೋಡಿ. 2020ರ ಫೆಬ್ರುವರಿಯಲ್ಲಿ ದೇಶದಲ್ಲಿ ಸುಮಾರು 132 ಕೋಟಿ ಇದ್ದ ಪಾವತಿಗಳು ಏಪ್ರಿಲ್‌ನಲ್ಲಿ 100 ಕೋಟಿಗೆ ಇಳಿದು, ಜೂನ್ ಹೊತ್ತಿಗೆ ಹಳೆಯ ಮಟ್ಟವನ್ನು ದಾಟಿದ್ದವು. ಇದನ್ನು ನಂಬಿದ್ದರೆ ಮೂರೇ ತಿಂಗಳಲ್ಲಿ ಎಲ್ಲವೂ ಸರಿಹೋಯಿತು ಎನ್ನಬೇಕಾಗುತ್ತಿತ್ತು. ಆದರೆ ಅದರ ಮುಂದಿನ ತ್ರೈಮಾಸಿಕದಲ್ಲೂ ಜಿಡಿಪಿ ಹಿಂದಿನ ವರ್ಷಕ್ಕಿಂತ ಕೆಳಗೇ ಇತ್ತು. ನಗದು ಕೊಡುತ್ತಿದ್ದವರು ಕ್ಯೂಆರ್ ಕೋಡ್‌ಗೆ ಹೊರಳಿದಾಗ ವ್ಯಾಪಾರ ಹೆಚ್ಚದಿದ್ದರೂ ಪಾವತಿಗಳ ಸಂಖ್ಯೆ ಹೆಚ್ಚುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಹೋಲಿಕೆಯ ಆಧಾರ ಅವಧಿ. ಗೂಗಲ್ ಸಂಸ್ಥೆ 2020ರ ಏಪ್ರಿಲ್‌ನಿಂದ 2022ರ ಅಕ್ಟೋಬರ್‌ವರೆಗೆ ಜಿಲ್ಲಾ ಮಟ್ಟದ ಓಡಾಟದ ವರದಿಗಳನ್ನು ಪ್ರಕಟಿಸಿತು. ಪ್ರತಿ ದಿನವನ್ನೂ 2020ರ ಜನವರಿ 3ರಿಂದ ಫೆಬ್ರುವರಿ 6ರವರೆಗಿನ ಐದು ವಾರಗಳಲ್ಲಿ ಬಂದ ಅದೇ ಹೆಸರಿನ ದಿನಗಳೊಂದಿಗೆ, ಅಂದರೆ ಸೋಮವಾರವನ್ನು ಆ ಐದು ಸೋಮವಾರಗಳ ಮಧ್ಯಕ ಮೌಲ್ಯದೊಂದಿಗೆ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿಯೊಂದಿಗೆ), ಹೋಲಿಸಲಾಗುತ್ತಿತ್ತು. ಇದೇ ಕ್ರಮವನ್ನು ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯ ಆವಕಕ್ಕೆ ಅನ್ವಯಿಸಿದರೆ ಏನಾಗುತ್ತದೆ? ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ಹೊಸ ಮೆಣಸಿನಕಾಯಿಯ ಸುಗ್ಗಿ. ಪ್ರಾಂಗಣದ ತುಂಬ ಚೀಲಗಳ ಸಾಲು, ಚೀಲ ಹೊರುವ ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಊರ ಹೊರಗೆ ಶೀತಲಗೃಹಗಳ ಮುಂದೆ ಸಾಲುಗಟ್ಟಿದ ಲಾರಿಗಳು. ಆ ದಿನಗಳನ್ನೇ ಅಳತೆಗೋಲು ಮಾಡಿಕೊಂಡರೆ, ಯಾವ ಪಿಡುಗೂ ಇಲ್ಲದ ವರ್ಷದ ಜುಲೈ ಕೂಡ ಭೀಕರ ಕುಸಿತದಂತೆ ಕಾಣುತ್ತದೆ. ಹಿಂದಿನ ಹಲವು ವರ್ಷಗಳ ಅದೇ ವಾರದ ಸರಾಸರಿಯೊಂದಿಗೆ ಹೋಲಿಸುವುದೇ ಇಲ್ಲಿ ಸರಿಯಾದ ದಾರಿ. ಅದಕ್ಕೂ ಹಬ್ಬಗಳ ತಿದ್ದುಪಡಿ ಬೇಕು: 2021ರಲ್ಲಿ ನವೆಂಬರ್ 4ಕ್ಕೆ ಬಂದಿದ್ದ ದೀಪಾವಳಿ 2022ರಲ್ಲಿ ಅಕ್ಟೋಬರ್ 24ಕ್ಕೇ ಬಂತು, ಹೀಗಾಗಿ ಎರಡು ಅಕ್ಟೋಬರ್‌ಗಳ ಮಾರಾಟವನ್ನು ನೇರವಾಗಿ ತೂಗಿ ನೋಡುವಂತಿಲ್ಲ.

ಜಿಎಸ್‌ಟಿ ಸಂಗ್ರಹವನ್ನು ಪತ್ರಿಕೆಗಳು ಪ್ರತಿ ತಿಂಗಳೂ ದೊಡ್ಡದಾಗಿ ಪ್ರಕಟಿಸುತ್ತವೆ, ಆದರೆ ಒಂದು ನಗರದ ಮಟ್ಟಿಗೆ ಅದು ಮಸುಕಾದ ಅಳತೆ. ಒಂದು ಕಂಪನಿ ರಾಜ್ಯದೊಳಗಿನ ತನ್ನೆಲ್ಲ ಘಟಕಗಳಿಗೆ ಒಂದೇ ನೋಂದಣಿ ಪಡೆಯಬಹುದು. ಆಗ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ತಯಾರಾದ ಸರಕಿನ ತೆರಿಗೆ ಬೆಂಗಳೂರಿನ ಲೆಕ್ಕಕ್ಕೆ ಸೇರಬಹುದು. ಇ-ವೇ ಬಿಲ್‌ನಲ್ಲಿ ಸರಕು ಹೊರಟ ಸ್ಥಳದ ಮತ್ತು ತಲುಪುವ ಸ್ಥಳದ ಪಿನ್‌ಕೋಡ್ ಎರಡೂ ಇರುತ್ತವೆ. ರಾಜ್ಯದೊಳಗಿನ ಸಾಗಣೆಗೆ ಅದನ್ನು ಮೊದಲು ಜಾರಿಗೆ ತಂದ ರಾಜ್ಯವೂ ಕರ್ನಾಟಕವೇ, 2018ರ ಏಪ್ರಿಲ್ 1ರಂದು. ಈ ವಿವರಗಳನ್ನು ವ್ಯಾಪಾರಿಗಳ ಗುರುತು ಅಳಿಸಿ ಪಿನ್‌ಕೋಡ್‌ವಾರು ವಾರಕ್ಕೊಮ್ಮೆ ಪ್ರಕಟಿಸಿದರೆ, ನಮ್ಮ ಭಾಗದ ಊರುಗಳಿಗೆ ಅದಕ್ಕಿಂತ ಹತ್ತಿರದ ಅಳತೆ ಮತ್ತೊಂದು ಸಿಗಲಾರದು ಎಂಬುದು ನನ್ನ ಅಭಿಪ್ರಾಯ.

ವಿದ್ಯುತ್ತಿನ ವಿಷಯದಲ್ಲಿ ಹೆಸ್ಕಾಂ ಬಿಲ್ಲಿನ ಮೊತ್ತಕ್ಕಿಂತ ಯೂನಿಟ್‌ಗಳನ್ನೇ ನೋಡಬೇಕು. 2023ರಲ್ಲಿ ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ ಬಂದ ನಂತರ ಮನೆಗಳ ಬಿಲ್ಲಿಗೂ ಬಳಕೆಗೂ ಹಳೆಯ ನಂಟು ಉಳಿದಿಲ್ಲ. ಅದೇ ವರ್ಷದ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ ಪ್ರಯಾಣಿಕರ ಸಂಖ್ಯೆಯಲ್ಲಾದ ಏರಿಕೆಯನ್ನೂ ವ್ಯಾಪಾರದ ಏರಿಕೆಯೆಂದು ಓದಬಾರದು.

ಉಪಗ್ರಹಗಳು ಸೆರೆಹಿಡಿಯುವ ರಾತ್ರಿ ಬೆಳಕಿನ ಚಿತ್ರಗಳು ಆಕರ್ಷಕ ನಿಜ. ಆದರೆ 2011ರಲ್ಲಿ ಹಾರಿಬಿಟ್ಟ ಸುವೋಮಿ ಎನ್‌ಪಿಪಿ ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ನಡುರಾತ್ರಿ ಸುಮಾರು ಒಂದೂವರೆಗೆ. ಆ ಹೊತ್ತಿಗೆ ದುರ್ಗದಬೈಲಿನ ತಿಂಡಿಗಾಡಿಗಳು ಮನೆ ಸೇರಿರುತ್ತವೆ. ಅದರ ಸಂವೇದಕಕ್ಕೆ ನೀಲಿ ಬೆಳಕು ಸರಿಯಾಗಿ ಕಾಣದ ಕಾರಣ, ಹಳದಿ ಸೋಡಿಯಂ ದೀಪಗಳ ಜಾಗಕ್ಕೆ ಬಿಳಿ ಎಲ್‌ಇಡಿ ಬಂದರೆ ಬೀದಿ ಎಷ್ಟೇ ಬೆಳಗಿದರೂ ಚಿತ್ರದಲ್ಲಿ ಊರು ಮಂಕಾಗಬಹುದು.

ಈ ಎಲ್ಲ ಅಂಕಿಗಳಿಗೂ ತಪ್ಪಿಸಿಕೊಳ್ಳುವವರು ಬಹುಮಟ್ಟಿಗೆ ಒಂದೇ ಗುಂಪಿನವರು. ಸರಕು ಮಾರುವವರಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನವರು ಸಾಮಾನ್ಯವಾಗಿ ಜಿಎಸ್‌ಟಿಗೆ ನೋಂದಾಯಿಸಬೇಕಿಲ್ಲ. ಅವರ ಸರಕು ಟಂಟಂನಲ್ಲಿ ಹೋಗುತ್ತದೆ. 50,000 ರೂಪಾಯಿಯ ಮಿತಿಯೊಳಗಿದ್ದರೆ ಇ-ವೇ ಬಿಲ್ಲೂ ಬೇಕಾಗುವುದಿಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲರ ದುಡಿಮೆಯನ್ನು ಮಾತ್ರ, ಆವಕದ ಚೀಲಗಳನ್ನು ಹಮಾಲಿ ದರದಿಂದ ಗುಣಿಸಿ, ದಿನದಿನವೂ ಅಂದಾಜು ಮಾಡಲು ಸಾಧ್ಯವಿದೆ. ಮಾರುಕಟ್ಟೆಗೆ ಸೇರದ ಗಾರೆ ಕೆಲಸದವರಿಗೂ ಮನೆಗೆಲಸದವರಿಗೂ ಅಂಥ ದಾಖಲೆ ಇಲ್ಲ. ಅವರ ಮಟ್ಟಿಗೆ ಪ್ರತಿ ವಾರ ಕೆಲವು ನೂರು ಮನೆಗಳಿಗೆ ಫೋನ್ ಮಾಡಿ, ಈ ವಾರ ಎಷ್ಟು ದಿನ ಕೆಲಸ ಸಿಕ್ಕಿತು ಎಂದು ಕೇಳುವ ಸಮೀಕ್ಷೆಯೇ ಆಗಬೇಕು.