ಕೋಲಿನ ದಪ್ಪ ಎಷ್ಟಿರಬೇಕು? ಪ್ರಾಚೀನ ಚೀನಾದ ಶಿಕ್ಷೆಯ ಲೆಕ್ಕ

ಕ್ರಿ.ಪೂ. 167ರಲ್ಲಿ ಚೀನಾದ ಹಾನ್ ಸಾಮ್ರಾಟ ವೆನ್, ಮುಖಕ್ಕೆ ಹಚ್ಚೆ ಹೊಡೆಯುವ, ಮೂಗು ಕೊಯ್ಯುವ, ಪಾದ ಕಡಿಯುವ ಶಿಕ್ಷೆಗಳನ್ನು ರದ್ದುಮಾಡಿದ. ಅದಕ್ಕೆ ಕಾರಣಳಾದವಳು ತಿಯಿಂಗ್ ಎಂಬ ಹುಡುಗಿ. ಅವಳ ತಂದೆ, ಹೆಸರಾಂತ ವೈದ್ಯ ಛುನ್‌ಯು ಯಿ, ಅಂಗಚ್ಛೇದಕ್ಕೆ ಗುರಿಯಾಗುವುದರಲ್ಲಿದ್ದ. ಐವರು ಹೆಣ್ಣುಮಕ್ಕಳಲ್ಲಿ ಕಿರಿಯಳಾದ ಆಕೆ ತಂದೆಯ ಹಿಂದೆಯೇ ರಾಜಧಾನಿ ಛಾಂಗ್‌ಆನ್‌ಗೆ ಹೋಗಿ ಅರ್ಜಿ ಬರೆದಳು: ಕಡಿದ ಅಂಗ ಮತ್ತೆ ಕೂಡುವುದಿಲ್ಲ, ತಪ್ಪು ಮಾಡಿದವನು ತಿದ್ದಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ, ತಂದೆಯ ಬದಲು ತನ್ನನ್ನು ಸರ್ಕಾರದ ದಾಸಿಯಾಗಿ ಇಟ್ಟುಕೊಳ್ಳಲಿ.

ದೊರೆಯ ಮನಸ್ಸು ಕರಗಿತು. ಆದರೆ ಮೂಗಿನ ಬದಲಿಗೆ 300 ಏಟು, ಎಡಪಾದದ ಬದಲಿಗೆ 500 ಏಟು ಎಂದಾಯಿತು. ಇದು ಜನರನ್ನು ಕೊಂದಿತು. ಹೆಸರಿಗೆ ಹಗುರ ಶಿಕ್ಷೆ, ನಿಜದಲ್ಲಿ ಕೊಲೆ ಎಂದು ಇತಿಹಾಸಕಾರ ಬಾನ್ ಗು ಬರೆದದ್ದು ಈ ಕಾರಣಕ್ಕೆ. ಮುಂದಿನ ದೊರೆ ಜಿಂಗ್ ಎರಡು ಸಲ ಲೆಕ್ಕ ಇಳಿಸಿ, 500ನ್ನು 200ಕ್ಕೆ, 300ನ್ನು 100ಕ್ಕೆ ತಂದ. ಅಷ್ಟಕ್ಕೇ ಬಿಡದೆ ಕ್ರಿ.ಪೂ. 144ರಲ್ಲಿ ಕೋಲಿನ ಅಳತೆಯನ್ನೂ ಕಟ್ಟುಮಾಡಿದ. ಬಿದಿರಿನ ಕೋಲು 5 ಚಿ, ಅಂದರೆ ಸುಮಾರು 115 ಸೆಂ.ಮೀ. ಉದ್ದ. ಹಿಡಿಯ ಕಡೆ ಸುಮಾರು 2.3 ಸೆಂ.ಮೀ. ದಪ್ಪ, ತುದಿಯಲ್ಲಿ ಅದರ ಅರ್ಧ. ಗೆಣ್ಣುಗಳನ್ನು ಹೆರೆದು ನಯಮಾಡಿರಬೇಕು. ಏಟು ಪೃಷ್ಠಕ್ಕೆ ಬೀಳಬೇಕು. ನಡುವೆ ಹೊಡೆಯುವವನನ್ನು ಬದಲಿಸುವಂತಿಲ್ಲ.

ಒಂದೊಂದು ನಿಯಮದ ಹಿಂದೆಯೂ ಮೈಯ ವಾಸ್ತವವಿದೆ. ಗೆಣ್ಣು ಉಳಿದರೆ ಚರ್ಮ ಸೀಳುತ್ತದೆ. ಬೆನ್ನಿಗೆ ಬಿದ್ದ ಏಟು ಪಕ್ಕೆಲುಬನ್ನೂ ಮೂತ್ರಪಿಂಡವನ್ನೂ ತಟ್ಟುತ್ತದೆ. ಪೃಷ್ಠದಲ್ಲಿ ದಪ್ಪ ಮಾಂಸಖಂಡವಿದೆ. ಒಬ್ಬನೇ ಹೊಡೆಯುತ್ತಿದ್ದರೆ ತೋಳು ಸೋಲುತ್ತದೆ; ಹೊಸಬ ಬಂದರೆ ನೂರನೆಯ ಏಟೂ ಮೊದಲನೆಯದರಷ್ಟೇ ಬಿರುಸು.

ಚೀನಾದ ಶಿಕ್ಷೆಗಳ ಬಗ್ಗೆ ಮಾತು ಬಂದರೆ ಕ್ರೌರ್ಯದ ಚಿತ್ರಗಳೇ ಮೊದಲು ಕಣ್ಣಿಗೆ ಬರುತ್ತವೆ. ಕ್ರೌರ್ಯ ಇದ್ದದ್ದು ನಿಜ. ಆದರೆ ಆ ಕಾನೂನಿನ ಜೀವಾಳ ಅಳತೆ.

ಕ್ರಿ.ಶ. 653ರ ಟಾಂಗ್ ರಾಜವಂಶದ ಕಾನೂನು ಸಂಹಿತೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅದರಲ್ಲಿ 502 ಕಲಮುಗಳು, ಶಿಕ್ಷೆಗೆ 20 ಮೆಟ್ಟಿಲು. ತೆಳು ಕೋಲಿನಲ್ಲಿ 10ರಿಂದ 50 ಏಟು, ದಪ್ಪ ಕೋಲಿನಲ್ಲಿ 60ರಿಂದ 100, ಆಮೇಲೆ 1ರಿಂದ 3 ವರ್ಷದ ಕಠಿಣ ದುಡಿಮೆ, ಅರ್ಧರ್ಧ ವರ್ಷದ ಏರಿಕೆ, 2000, 2500, 3000 ಲಿ (ಒಂದು ಲಿ ಅಂದರೆ ಸುಮಾರು ಅರ್ಧ ಕಿ.ಮೀ.) ದೂರಕ್ಕೆ ಗಡೀಪಾರು, ಕೊನೆಗೆ ಮರಣದಂಡನೆ. ಇದರಲ್ಲೂ ಎರಡು ಬಗೆ. ಕೊರಳಿಗೆ ಹಗ್ಗ ಬಿಗಿದು ಕೊಲ್ಲುವುದು ತಲೆ ಕಡಿಯುವುದಕ್ಕಿಂತ ಹೆಚ್ಚು ಹೊತ್ತು ನರಳಿಸಿದರೂ ಅದೇ ಹಗುರ ಶಿಕ್ಷೆ. ಮೈ ತಂದೆತಾಯಿ ಕೊಟ್ಟದ್ದು, ಅದನ್ನು ಇಡಿಯಾಗಿ ಹಿಂದಿರುಗಿಸಬೇಕು ಎಂಬ ನಂಬಿಕೆಯೇ ಇದಕ್ಕೆ ಕಾರಣ.

ಕಳ್ಳತನಕ್ಕೆ ಅಳತೆಗೋಲು ರೇಷ್ಮೆ. ಕದ್ದ ಮಾಲು ಯಾವುದೇ ಇರಲಿ, ಬೆಲೆಯನ್ನು ರೇಷ್ಮೆ ಬಟ್ಟೆಗೆ ಪರಿವರ್ತಿಸುತ್ತಿದ್ದರು. ಕೈಗೆ ಏನೂ ಸಿಗದಿದ್ದರೆ 50 ಏಟು. ಒಂದು ಚಿಗೆ 60 ಏಟು. ಅಲ್ಲಿಂದ ಮುಂದೆ ಪ್ರತಿ ಥಾನಿಗೆ ಒಂದು ಮೆಟ್ಟಿಲು ಮೇಲೆ. ಐದು ಥಾನಾದರೆ ಒಂದು ವರ್ಷದ ದುಡಿಮೆ. ಜೊತೆಗಾರನಿಗೆ ಮುಖ್ಯ ಅಪರಾಧಿಗಿಂತ ಒಂದು ಮೆಟ್ಟಿಲು ಕಡಿಮೆ. ಇಳಿಸುವಾಗ ಮೂರು ಗಡೀಪಾರುಗಳನ್ನು ಒಂದೇ ಮೆಟ್ಟಿಲೆಂದು ಎಣಿಸುತ್ತಿದ್ದರು. ಹಾಗಾಗಿ 3000 ಲಿ ಗಡೀಪಾರಿನಿಂದ ಒಂದು ಮೆಟ್ಟಿಲು ಇಳಿದವನು ನೇರವಾಗಿ ಮೂರು ವರ್ಷದ ದುಡಿಮೆಗೆ ಬರುತ್ತಿದ್ದ.

ಟಾಂಗ್ ಕಾಲದ ದಪ್ಪ ಕೋಲೂ ಬುಡದಲ್ಲಿ ಸುಮಾರು 8 ಮಿ.ಮೀ., ತುದಿಯಲ್ಲಿ 5 ಮಿ.ಮೀ. ಅಷ್ಟೇ. ಅಳತೆ ಮೀರಿದ ಕೋಲು ಬಳಸಿದ ಅಧಿಕಾರಿಗೇ 30 ಏಟು. ಅದರಿಂದ ಜೀವ ಹೋದರೆ ಒಂದು ವರ್ಷದ ದುಡಿಮೆ.

ಇಷ್ಟೆಲ್ಲ ಎಚ್ಚರವಿದ್ದೂ ವ್ಯವಸ್ಥೆ ಸೋತದ್ದು ತಪ್ಪೊಪ್ಪಿಗೆಯ ಹಂತದಲ್ಲಿ. ವಿಚಾರಣೆಯಲ್ಲಿ ಬಾಯಿಬಿಡಿಸಲು ಹೊಡೆಯುವುದು ಕಾನೂನುಬದ್ಧವೇ ಆಗಿತ್ತು. ಅದಕ್ಕೂ ಮಿತಿ ಇತ್ತು: ಮೂರು ಸಲ ಮಾತ್ರ, ನಡುವೆ 20 ದಿನದ ಅಂತರ, ಒಟ್ಟು 200 ಏಟು ಮೀರುವಂತಿಲ್ಲ. ಅಷ್ಟಕ್ಕೂ ಒಪ್ಪದಿದ್ದರೆ ಜಾಮೀನಿನ ಮೇಲೆ ಬಿಟ್ಟು, ದೂರು ಕೊಟ್ಟವನನ್ನೇ ಅದೇ ಲೆಕ್ಕದಲ್ಲಿ ಹೊಡೆದು ಕೇಳುತ್ತಿದ್ದರು. ಸುಳ್ಳು ದೂರಿಗೆ ಇದು ಕಡಿವಾಣ, ನಿಜ. ಆದರೆ 200 ಏಟು ತಡೆದುಕೊಂಡವನು ಪಾರು, ಹತ್ತಕ್ಕೇ ಕುಸಿದವನು ಅಪರಾಧಿ. ಹೀಗೆ ಅಳೆದದ್ದು ಸತ್ಯವನ್ನಲ್ಲ, ಮೈಯ ಗಟ್ಟಿತನವನ್ನು.

ಚೀನಾದ ಕೊನೆಯ ರಾಜವಂಶವಾದ ಚಿಂಗ್ ಕಾಲಕ್ಕೆ ಕೋಲು ಅಗಲವಾಗಿ, ಭಾರವಾಗಿ, ಸುಮಾರು ಒಂದು ಕಿಲೋ ತೂಗುವ ಬಿದಿರು ಪಟ್ಟಿಯಾಗಿತ್ತು. ಆದ್ದರಿಂದ ಏಟು ಇಳಿಸಿದರು. ಸಂಹಿತೆಯಲ್ಲಿ 100 ಎಂದಿದ್ದರೆ ಬೀಳುತ್ತಿದ್ದದ್ದು 40, 70ಕ್ಕೆ 25, 10ಕ್ಕೆ 4. ನೂರಕ್ಕೆ ನಲವತ್ತರಂತೆ ಲೆಕ್ಕಹಾಕಿ, 10ರ ಶಿಕ್ಷೆಯೊಂದನ್ನು ಬಿಟ್ಟರೆ ಉಳಿದೆಡೆ ಐದರ ಗುಣಕಕ್ಕೆ ಇಳಿಸುತ್ತಿದ್ದರು. ಪುಸ್ತಕದ ಸಂಖ್ಯೆ ಮಾತ್ರ ಹಾಗೇ ಉಳಿಯಿತು.

1905ರಲ್ಲಿ ನ್ಯಾಯತಜ್ಞ ಶೆನ್ ಜಿಯಾಬೆನ್ ಮುಂತಾದವರ ಯತ್ನದಿಂದ ಅಂಗಾಂಗ ಕತ್ತರಿಸಿ ಕೊಲ್ಲುವ ಲಿಂಗ್‌ಚಿ ನಿಂತಿತು, ನಡುವೆ ಮರಳಿ ಬಂದಿದ್ದ ಹಚ್ಚೆಯ ಶಿಕ್ಷೆ ನಿಂತಿತು, ಬಿದಿರಿನ ಏಟು ದಂಡವಾಗಿ ಬದಲಾಯಿತು. ಮೆಟ್ಟಿಲು ಮಾತ್ರ ಹಾಗೇ: 60 ಏಟಿನ ಜಾಗದಲ್ಲಿ 5 ಲಿಯಾಂಗ್ (ಒಂದು ಲಿಯಾಂಗ್ ಅಂದರೆ ಸುಮಾರು 37 ಗ್ರಾಂ) ಬೆಳ್ಳಿ, ಮೇಲಿನ ಪ್ರತಿ ಮೆಟ್ಟಿಲಿಗೆ ಎರಡೂವರೆ ಹೆಚ್ಚು, 100 ಏಟಿಗೆ 15. ಬೆಳ್ಳಿ ಇಲ್ಲದವನಿಗೆ ಲಿಯಾಂಗ್ ಒಂದಕ್ಕೆ ನಾಲ್ಕು ದಿನದ ಕೂಲಿ.